ಸಂಜೆಯ ಅಳತೆ

ಶಿವಮೊಗ್ಗದ ದುರ್ಗಿಗುಡಿಯ ಆ ಸರ್ಜಿಕಲ್ ಅಂಗಡಿಯ ಮೆಟ್ಟಿಲನ್ನು ಸುಮನಾ ಹತ್ತಿದ್ದೇ ಜಗಳಕ್ಕೆಂದು. ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು, ಕಾಲು ಸೇದುತ್ತಿತ್ತು. ಪ್ಯಾಕೆಟ್ಟನ್ನು ಕೌಂಟರ್ ಮೇಲೆ ಕುಕ್ಕಿದಳು.

"ಮೊದಲ್ನೇ ಸ್ಟಾಕಿಂಗ್ಸ್ ಮೊಣಕಾಲಿಂದ ಜಾರ್ತು. ಎರಡನೇದು ಇನ್ನೂ ಉದ್ದ, ಅದೂ ಜಾರ್ತು. ಇದು ಸೊಂಟದವರೆಗೆ ಬರೋ ಟೈಟ್ಸು, ಜಾರೋದೇ ಇಲ್ಲ ಅಂದ್ರಿ. ಜಾರಲ್ಲ ಸರಿ, ಮಡಿಕೆ ಬಿದ್ದು ಆನೆಕಾಲಿನ ಥರ ಕಾಣುತ್ತೆ!"

ಅಂಗಡಿಯ ಮಲ್ಲಿಕ್ ಕನ್ನಡಕ ಸರಿಮಾಡಿಕೊಂಡು ಪ್ಯಾಕೆಟ್ ನೋಡಿದ, ಆಮೇಲೆ ಅವಳನ್ನು ನೋಡಿದ. ಪ್ರತಿ ಸಲವೂ ಆ ನೋಟ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಅದು ಸುಮನಾಗೆ ಸಿಟ್ಟು ಬರಿಸುತ್ತಿತ್ತು. ಜಗಳಕ್ಕೆ ಹೊರಟವಳು ಹಸಿರು ಸೀರೆಯನ್ನೇ ಹುಡುಕಿ ಉಟ್ಟು ಬಂದದ್ದು ನೆನಪಾದಾಗ ಇನ್ನೂ ಸಿಟ್ಟು ಬಂತು.

ಅವಳು ಹೈಸ್ಕೂಲಿನ ಗಣಿತದ ಮೇಡಂ. ದಿನಕ್ಕೆ ಆರು ಪೀರಿಯಡ್ ನಿಂತು ನಿಂತು ಮೀನಖಂಡದ ನರಗಳು ಉಬ್ಬಿ ನೀಲಿಗಟ್ಟಿದ್ದವು. ಬಿಗಿಯಾದ ಸ್ಟಾಕಿಂಗ್ಸ್ ಹಾಕಿ, ಇಲ್ಲವೇ ಕೂತು ಪಾಠ ಮಾಡಿ ಎಂದಿದ್ದರು ಡಾಕ್ಟರು. ಕೂತು ಗಣಿತ ಹೇಳುವುದೆಂದರೆ ಅವಳಿಗೆ ಮಲಗಿ ಊಟ ಮಾಡಿದಂತೆ.

"ಟೈಟ್ಸ್ ಅಂದ್ರೆ ಸುಮ್ನೆ ಅಲ್ಲ ಮೇಡಂ," ಮಲ್ಲಿಕ್ ಗಂಟಲು ಸರಿಮಾಡಿಕೊಂಡ. "ಮೊದಲು ಇದನ್ನ ಹಾಕ್ತಿದ್ದಿದ್ದೇ ಗಂಡಸರು. ಫ್ರಾನ್ಸಿನ ರಾಜ ರೇಷ್ಮೇದು..."

"ಶುರುವಾಯ್ತು! ಆ ರಾಜನ ಕಥೆ ಎರಡು ಸಲ ಕೇಳಿದೀನಿ ಮಾರಾಯ್ರೆ. ಆಮೇಲೆ ನೈಲಾನ್ ಬರುತ್ತೆ, ಅಮೆರಿಕದ ಹೆಂಗಸರು ಕ್ಯೂ ನಿಲ್ತಾರೆ, ಯುದ್ಧ ಆಗಿ ನೈಲಾನೆಲ್ಲ ಪ್ಯಾರಾಚೂಟಿಗೆ ಹೋಗುತ್ತೆ. ನನ್ನ ಕಾಲು ಮಾತ್ರ ಎಲ್ಲೂ ಬರಲ್ಲ!"

"ಎಲ್ಲಾ ಕೇಳಿಸ್ಕೊಂಡಿದೀರಲ್ಲ," ಎಂದು ನಕ್ಕ. ಆ ನಗುವಿಗೆ ಅವಳ ಮೈ ಉರಿಯಿತು. ಉರಿಯ ಜೊತೆ ಬೇರೇನೋ ಆಯಿತು, ಅದನ್ನು ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ.

"ಹಿಮ್ಮಡಿ ಮೇಲೆ ಇಪ್ಪತ್ತಾರು ಸೆಂಟಿಮೀಟರ್, ಮೀನಖಂಡ ನಲವತ್ತು. ಸರಿ ತಾನೇ?" ಎಂದ ಮಲ್ಲಿಕ್.

"ಚೀಟಿ ನೋಡದೇ ಹೇಳ್ತೀರಲ್ಲ!"

"ಬಾಯಿಪಾಠ ಆಗಿದೆ," ಎಂದವನ ಕಿವಿ ಕೆಂಪಾಯಿತು. "ಅಳತೆ ಯಾವಾಗ ತಗೊಂಡ್ರಿ?"

"ಸ್ಕೂಲಿಂದ ಬಂದು, ಸಂಜೆ."

ಮಲ್ಲಿಕ್ ತಲೆ ಮೇಲೆ ಕೈಹೊತ್ತ. "ಸಂಜೆಗೆ ಕಾಲು ಊದಿರುತ್ತೆ ಕಣ್ರೀ! ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡೋ ಮುಂಚೆ ಅಳೀಬೇಕು. ಮೊದಲ್ನೇ ದಿನಾನೇ ಹೇಳಿದ್ನಲ್ಲ!"

"ಯಾವಾಗ ಹೇಳಿದ್ರಿ?"

"ರಾಜ ಆದ್ಮೇಲೆ, ನೈಲಾನ್‌ಗೆ ಮುಂಚೆ."

ಆ ದಿನ ರಾಜನ ಕಥೆ ಶುರುವಾದ ಕೂಡಲೇ ಅವಳು ಮಾತು ಕೇಳುವುದು ಬಿಟ್ಟು ಅವನ ಮುಖ ನೋಡುತ್ತ ನಿಂತಿದ್ದಳು. ಅದನ್ನು ಹೇಳುವಂತಿರಲಿಲ್ಲ. ಸ್ಟೂಲಿನ ಮೇಲೆ ಕುಸಿದಳು.

"ನನಗೆ ಸಾಕಾಗಿದೆ ಮಲ್ಲಿಕ್. ಭಾನುವಾರ ಗಂಡಿನ ಕಡೆಯವರು ನೋಡೋಕೆ ಬರ್ತಿದಾರೆ. ಕಾಲಿನ ಸುದ್ದಿ ಎತ್ಬೇಡ ಅಂತಾರೆ ಅಮ್ಮ. ಮುಚ್ಚಿಟ್ಟು ಮದುವೆ ಆಗೋಕೆ ನನ್ನಿಂದ ಆಗಲ್ಲ. ಹೇಳಿದ್ರೆ ಯಾರು ಒಪ್ತಾರೆ?"

ಚೀಟಿ ಬರೆಯುತ್ತಿದ್ದವನ ಪೆನ್ನು ನಿಂತಿತು. ತೀರಾ ಮೆಲ್ಲಗೆ ಕೆಲಸದ ಮಾತನ್ನೇ ಆಡಿದ.

"ಹಾಕೋದೂ ಹಾಗೇನೇ. ಹಾಸಿಗೆ ಮೇಲಿದ್ದಾಗ್ಲೇ ಹಾಕ್ಬೇಕು. ಸರಿಯಾದ ಅಳತೇದು ಬಲು ಬಿಗಿ. ಎಳೆಯೋಕೆ ಇನ್ನೊಬ್ಬರು ಬೇಕಾಗುತ್ತೆ."

"ಅಮ್ಮಂಗೆ ಕೈನೋವು. ಯಾರು ಎಳೀತಾರೆ?"

"ನಾನು ಎಳೀತೀನಿ."

ಹೇಳಿಬಿಟ್ಟ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು. ಸುಮನಾ ನಿಧಾನವಾಗಿ ತಲೆಯೆತ್ತಿದಳು. ಈ ಸಲ ಒಂದು ಗಳಿಗೆ ಹೆಚ್ಚು ನಿಂತದ್ದು ಅವಳ ನೋಟ.

"ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಬರ್ತೀರಾ?"

"ಅಷ್ಟು ದೂರ ಬರೋದು ಬೇಡದ ಹಾಗೆ ಏನಾದ್ರೂ ಮಾಡೋಣ ಅಂತ," ಮಲ್ಲಿಕ್ ತಡವರಿಸಿದ. "ಆ ಗಂಡಿನ ಕಡೆಯವರಿಗೆ ಬರ್ಬೇಡಿ ಅನ್ನಿ ಸುಮನಾ. ನನ್ನ ಹತ್ರ ಮುಚ್ಚಿಡೋಕೆ ಏನೂ ಇಲ್ಲವಲ್ಲ."

ಮೂರು ಜೋಡಿ, ನಾಲ್ಕು ಸಲ ಬಸ್ಸು. ಇದನ್ನು ಹೇಳಲು ಇಷ್ಟು ದಿನ ಬೇಕಾಯಿತೇ ಎಂದು ಬಯ್ಯಬೇಕೆಂದುಕೊಂಡಳು, ಆದರೆ ಕಣ್ಣು ತುಂಬಿತು. ಕೌಂಟರ್ ಮೇಲಿದ್ದ ಅಳತೆಯ ಟೇಪನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು.

"ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ. ಬೆಳಗಿನ ಅಳತೆ ಬರೆದಿಟ್ಟಿರ್ತೀನಿ." ಮೆಟ್ಟಿಲಿಳಿದವಳು ತಿರುಗಿ ಬೆರಳು ತೋರಿಸಿದಳು. "ಆ ಫ್ರಾನ್ಸಿನ ರಾಜ ಮಾತ್ರ ಜೊತೇಲಿ ಬರಕೂಡದು!"