ಹೂಂ ಅಂದರೆ ನೆಗೆಯಬೇಕು

“ಹೂಂ,” ಎಂದ ಮಾವ.

ಬುಗುರಿ ಸ್ಪೇಸ್ ಬಾರ್ ಒತ್ತಿದಳು. ಪರದೆಯ ಮೇಲೆ ಕೊಡೆ ಹಿಡಿದ ಕಪ್ಪೆ ಟಣ್ಣನೆ ನೆಗೆದು ಗುಂಡಿ ದಾಟಿತು.

“ಹೂಂ. ಈಗ ಬೇಡ, ಈಗ ಬೇಡ... ಹೂಂ.”

ಟಣ್. ಟಣ್. ಎರಡು ಗುಂಡಿ ದಾಟಿ ಕಪ್ಪೆ ಗಾಳಿಯಂತ್ರದ ನೆತ್ತಿಯ ಮೇಲೆ ಕೂತಿತು.

ಮಾವ ಅಂದರೆ ಅಮ್ಮನ ತಮ್ಮ. ಲಿಫ್ಟ್ ರಿಪೇರಿ ಮಾಡುವವನು. ಕೆಲಸ ಮುಗಿಸಿ ಬಂದು ಡೆಸ್ಕ್‌ಟಾಪ್ ಮುಂದೆ ಕೂತು ಗೇಮ್ ಆಡುವುದು ಅವನ ಹದಿನೆಂಟು ವರ್ಷದ ಅಭ್ಯಾಸ. ಎಡಗೈ ಕೀಬೋರ್ಡ್ ಮೇಲೆ, ಬಲಗೈ ಮೌಸ್ ಮೇಲೆ. ಕಪ್ಪೆಯನ್ನು ಓಡಿಸುವುದು, ಕೊಡೆಯಿಂದ ಜೀರುಂಡೆಗಳನ್ನು ಹೊಡೆಯುವುದು ಅವನ ಕೆಲಸ. ನೆಗೆಸುವುದು ಮಾತ್ರ ಬುಗುರಿಯದು. ಮೂರು ವರ್ಷದವಳಿದ್ದಾಗ ಅತ್ತು ರಂಪ ಮಾಡಿ ಗಿಟ್ಟಿಸಿಕೊಂಡಿದ್ದ ಕೀ ಅದು. ಈಗ ಅವಳಿಗೆ ಹತ್ತು. ಅವಳ ಹೆಬ್ಬೆರಳು ತಾಗಿ ತಾಗಿ ಸ್ಪೇಸ್ ಬಾರಿನ ಬಲತುದಿ ಮಿರಮಿರ ಮಿಂಚುತ್ತಿತ್ತು.

ಕೂತಲ್ಲಿ ಕೂರುವುದಿಲ್ಲ ಅಂತಲೇ ಎಲ್ಲರೂ ಅವಳನ್ನು ಬುಗುರಿ ಅನ್ನುತ್ತಿದ್ದರು. ಆದರೆ ಮಾವನ ಬಲಗಡೆಯ ಆ ಮರದ ಸ್ಟೂಲಿನ ಮೇಲೆ ಮಾತ್ರ ಎರಡು ಗಂಟೆ ಬೇಕಾದರೂ ಅಲ್ಲಾಡದೆ ಕೂರುತ್ತಿದ್ದಳು.

“ಲೋ, ನಿನ್ನ ಕೆಲಸದ ಸ್ನೇಹಿತ ಇದನ್ನ ಕೊಟ್ಟು ಹೋದ,” ಎನ್ನುತ್ತಾ ಅಮ್ಮ ಒಂದು ಕಪ್ಪು ಚೀಲ ತಂದಳು.

ಮಾವ ಜಿಪ್ ಎಳೆದ. ಒಳಗೆ ಇಟ್ಟಿಗೆಯಷ್ಟು ಅಗಲದ ಒಂದು ಯಂತ್ರ. ನಡುವೆ ಪರದೆ, ಆಚೆ ಈಚೆ ಬಟನ್‌ಗಳು.

“ಕೈಯಲ್ಲೇ ಹಿಡಿದು ಆಡೋ ಕಂಪ್ಯೂಟರ್ ಕಣೇ. ಡೆಸ್ಕ್‌ಟಾಪಲ್ಲಿರೋ ಗೇಮೆಲ್ಲ ಇದರಲ್ಲೂ ಓಡುತ್ತೆ,” ಎಂದ ಮಾವ. “ಮುಂದಿನ ಸೋಮವಾರದಿಂದ ನನಗೆ ಬೇರೆ ಊರಲ್ಲಿ ಡ್ಯೂಟಿ ಅಲ್ವಾ? ಶುಕ್ರವಾರದವರೆಗೂ ಅಲ್ಲೇ ಇರಬೇಕು. ಈ ಡೆಸ್ಕ್‌ಟಾಪ್ ಹೊತ್ಕೊಂಡು ಹೋಗೋಕಾಗುತ್ತಾ? ಒಂದು ವಾರ ಆಡಿ ನೋಡು, ಕೈಗೆ ಒಗ್ಗಿದ್ರೆ ಇಟ್ಕೋ ಅಂದಿದ್ದಾನೆ.”

“ಒಗ್ಗಿದ್ರೆ ಈ ಮೇಜು ಖಾಲಿ ತಾನೇ?” ಅಮ್ಮನ ಕಣ್ಣು ಅರಳಿತು. “ಹದಿನೆಂಟು ವರ್ಷ ಈ ಕಿಟಕಿ ಬೆಳಕೆಲ್ಲ ನಿನ್ನ ಕಪ್ಪೆಗೇ ಹೋಯ್ತು. ಇನ್ನಾದ್ರೂ ನನ್ನ ಹೊಲಿಗೆ ಮೆಷಿನ್‌ಗೆ ಬರಲಿ.”

“ಒಗ್ಗಿದ್ರೆ ನಿಂದೇ ಅಕ್ಕ.”

ಬುಗುರಿ ಆ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಡಗೈಗೆ ಒಂದು ಜಾಗ. ಬಲಗೈಗೆ ಒಂದು ಜಾಗ. ಅಷ್ಟೇ. ಮೂರನೇ ಕೈಗೆ ಎಲ್ಲೂ ಜಾಗವಿರಲಿಲ್ಲ.

ಇದು ಒಗ್ಗದೇ ಇರಲಿ, ಅಂದುಕೊಂಡಳು.

ಒಗ್ಗಲಿಲ್ಲ. ಆ ವಾರ ಮನೆಯಲ್ಲಿ ನಡೆದದ್ದು ಒಂದು ಸರ್ಕಸ್ಸು.

ಮೊದಲ ದಿನ ಮಾವ ಅದನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಲಗೈಯಿಂದ ಬರೀ ಮೇಜನ್ನು ಸವರತೊಡಗಿದ.

“ಏನು ಮಾವ, ಧೂಳು ಒರೆಸ್ತಿದ್ದೀಯಾ?”

“ಮೌಸ್ ಎಲ್ಲಿ ಅಂತ ಹುಡುಕ್ತಿದ್ದೆ ಕಣೇ,” ಎಂದು ಮಾವ ನಾಲಿಗೆ ಕಚ್ಚಿಕೊಂಡ.

ಎರಡನೇ ದಿನ ಅಕ್ಷರ ಚಿಕ್ಕದಾಯಿತು ಅಂತ ಕನ್ನಡಕ ಹಾಕಿದ. ಅದೂ ಸಾಲದೆ ಅಮ್ಮನ ಕನ್ನಡಕವನ್ನು ಅದರ ಮೇಲೆ ಹಾಕಿದ. ಮೂರನೇ ದಿನ ಆಟದ ನಡುವೆ ಚಾರ್ಜ್ ಮುಗಿಯಿತು. ಚಾರ್ಜರಿನ ವೈರು ಗಿಡ್ಡ. ಫ್ರಿಜ್ಜಿನ ಹಿಂದೆ ಪ್ಲಗ್ಗಿನ ಪಕ್ಕ ಮುದುಡಿ ಕೂತು ಆಡಿದ. ಅವನ ಮೊಣಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಬುಗುರಿ ಎರಡು ಸಲ ಅದನ್ನು ಎಡವಿದಳು. ಒಂದು ಸಲ ಬೇಕಂತಲೇ.

ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವಳು ಯಂತ್ರದ ತಪ್ಪುಗಳನ್ನು ಬರೆದಿಟ್ಟಳು. ಬಿಸಿಯಾಗುತ್ತೆ. ಭಾರ. ಜೇನುಹುಳದ ಥರ ಗುಂಯ್ ಅನ್ನುತ್ತೆ. ಅಮ್ಮನ ಮೆಷಿನ್‌ಗಿಂತ ಜಾಸ್ತಿ ಗಲಾಟೆ.

ಎಲ್ಲಕ್ಕಿಂತ ದೊಡ್ಡ ತಪ್ಪನ್ನು ಮಾವನೇ ಹೇಳಿದ. “ಬಟನ್ ಸರಿ ಇಲ್ಲ. ಒತ್ತಿದ ಮೇಲೆ ಒಂದು ಕ್ಷಣ ಯೋಚನೆ ಮಾಡುತ್ತೆ. ಅಷ್ಟರಲ್ಲಿ ಕಪ್ಪೆ ಗುಂಡಿಗೆ.”

ನಿಜ. ಕಪ್ಪೆ ಮೊದಲನೇ ಗುಂಡಿಗೇ ಬೀಳುತ್ತಿತ್ತು. ದಿನಕ್ಕೆ ನಲವತ್ತು ಸಲ.

ಬುಧವಾರ ಸಂಜೆ ಅಮ್ಮ, “ಕೊಡು ನೋಡೋಣ, ಹಾಲು ಕಾಯೋವರೆಗೆ,” ಎಂದು ಯಂತ್ರ ಇಸಿದುಕೊಂಡಳು. ಒಂದು ಗುಂಡಿ ದಾಟಿದಳು. ಎರಡು. ಏಳು. ಹಾಲು ಉಕ್ಕಿತು, ಒಲೆ ಆರಿತು, ಸುಟ್ಟ ವಾಸನೆ ಹಾಲ್‌ಗೆಲ್ಲ ಹಬ್ಬಿತು.

“ಅಕ್ಕ, ಹಾಲು.”

“ಬಾಯ್ಮುಚ್ಚೋ. ಜೀರುಂಡೆ ಬರ್ತಿದೆ.”

ಮಾವ, ಬುಗುರಿ ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು.

ಶನಿವಾರ ಮಾವ ಯಂತ್ರವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದುಬಿಟ್ಟ. “ನಮ್ಮಂಥ ಹಳೇ ಡೆಸ್ಕ್‌ಟಾಪ್ ಜನಕ್ಕೆ ಇದಲ್ಲ. ನಾಳೆ ವಾಪಸ್ ಕೊಟ್ಬಿಡ್ತೀನಿ.”

ಬುಗುರಿ ಹಾಲ್‌ನಲ್ಲಿ ಮೂರು ಸುತ್ತು ಗಿರಗಿರ ತಿರುಗಿದಳು. ಗೆದ್ದಳು. ಸ್ಟೂಲು ಗೆದ್ದಿತು. ತಿರುಗಿದ ಜೋರಿಗೆ ಮಾವನ ಕೋಣೆಯ ಬಾಗಿಲಿಗೇ ಹೋಗಿ ಡಿಕ್ಕಿ ಹೊಡೆದಳು.

ಒಳಗೆ ಮಾವ ಊರಿಗೆ ಹೊರಡುವ ಬ್ಯಾಗ್ ತುಂಬುತ್ತಿದ್ದ. ಎರಡು ಜೊತೆ ಯೂನಿಫಾರ್ಮ್, ಸ್ಪ್ಯಾನರ್ ಸೆಟ್ಟು, ಒಂದು ಸೋಪಿನ ಡಬ್ಬಿ, ಒಂದೇ ಒಂದು ಲೋಟ.

“ಅಲ್ಲಿ ಸಂಜೆ ಹೊತ್ತು ಏನ್ಮಾಡ್ತೀಯ ಮಾವ?”

“ಗೋಡೆ ನೋಡ್ತೀನಿ. ಕಿಟಕಿನೂ ಇದೆಯಂತೆ. ಬೇಜಾರಾದ್ರೆ ಕಿಟಕಿ ನೋಡ್ತೀನಿ.”

ನಗುವ ಮಾತೇ. ಆದರೆ ಅವನು ನಗಲಿಲ್ಲ. ಕಪ್ಪು ಚೀಲದ ಜಿಪ್ ಮತ್ತೆ ತೆರೆದು, “ಕೊನೇ ಸಲ,” ಎಂದು ಮಂಚದ ಅಂಚಿನಲ್ಲಿ ಕೂತು ಆಡತೊಡಗಿದ.

ಬುಗುರಿ ಬಾಗಿಲಲ್ಲೇ ನಿಂತು ನೋಡಿದಳು.

ಕಪ್ಪೆ ಓಡಿತು. ಗುಂಡಿ ಬಂತು. “ಹೂಂ,” ಎಂದ ಮಾವ. ಎಂದವನು ಬಲಗಡೆಗೆ ಚೂರು ಮುಖ ತಿರುಗಿಸಿದ. ಅಲ್ಲಿ ಬರೀ ದಿಂಬು ಇತ್ತು. ಆಮೇಲೆ ಅವನ ಹೆಬ್ಬೆರಳು ಬಟನ್ ಒತ್ತಿತು. ಅಷ್ಟರಲ್ಲಿ ಕಪ್ಪೆ ಗುಂಡಿಯಲ್ಲಿತ್ತು.

“ನೋಡು, ಮತ್ತೆ ಲೇಟು,” ಎಂದು ಮಾವ ಗೊಣಗಿದ.

ಬುಗುರಿ ಒಂದು ಹೆಜ್ಜೆ ಒಳಗಿಟ್ಟಳು. ಬಟನ್ ಲೇಟಾಗಿದ್ದರೆ ಅಮ್ಮ ಏಳು ಗುಂಡಿ ಹೇಗೆ ದಾಟಿದಳು?

ಸುಮ್ಮನಿದ್ದರೆ ಸಾಕಿತ್ತು. ಒಂದೇ ಒಂದು ದಿನ. ನಾಳೆ ಯಂತ್ರ ವಾಪಸ್ ಹೋಗುತ್ತಿತ್ತು. ಅವಳು ಒಂಟಿಕಾಲಲ್ಲಿ ನಿಂತಳು. ಇನ್ನೊಂದು ಕಾಲಿಗೆ ಬದಲಾಯಿಸಿದಳು. ಕಣ್ಣು ಬ್ಯಾಗಿನಲ್ಲಿದ್ದ ಆ ಒಂದೇ ಲೋಟದ ಮೇಲೆ ಹೋಯಿತು.

“ಮಾವ, ನೀನು ಹೂಂ ಅಂತೀಯ.”

“ನಾನಾ? ಯಾವಾಗ?”

“ಈಗ. ಹೂಂ ಅಂದು ಕಾಯ್ತೀಯ. ನೆಗೆಸೋಕೆ ಇಲ್ಲಿ ನಾನು ಇಲ್ವಲ್ಲ.”

“ಹೋಗೇ, ಸುಳ್ಳಿ.” ಮಾವ ತುಟಿ ಬಿಗಿ ಹಿಡಿದು ಮತ್ತೆ ಆಡಿದ. ಗುಂಡಿ ಹತ್ತಿರ ಬಂತು. ಬಾಯಿ ಮುಚ್ಚಿತ್ತು, ಮೂಗಿನಿಂದ ಬಂತು: “ಹ್ಞೂಂ.”

ಕಪ್ಪೆ ಬಿತ್ತು. ಮಾವ ನಗುತ್ತಾ ಮಂಚದ ಮೇಲೆ ಅಂಗಾತ ಬಿದ್ದ. ಬುಗುರಿ ಅವನ ಪಕ್ಕದಲ್ಲಿ ಬಿದ್ದಳು. ಕತ್ತರಿ ಹಿಡಿದುಕೊಂಡೇ ಓಡಿ ಬಂದ ಅಮ್ಮನಿಗೆ ಇಬ್ಬರ ಬಾಯಲ್ಲೂ “ಹೂಂ, ಹೂಂ” ಬಿಟ್ಟರೆ ಬೇರೆ ಮಾತೇ ಸಿಗಲಿಲ್ಲ.

“ಇವಕ್ಕೇನು ಬಂತು,” ಎಂದು ಅವಳೂ ಕಾರಣವಿಲ್ಲದೆ ನಗತೊಡಗಿದಳು.

ಭಾನುವಾರವಿಡೀ ಟ್ರೈನಿಂಗ್. ಬುಗುರಿ ಮಾವನ ಬಲಕ್ಕೆ ಒತ್ತಿ ಕೂತು, ಅವನ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟಳು. ಅವನು ಹೂಂ ಅಂದಾಗಲೆಲ್ಲ ಒತ್ತಿದಳು.

“ಮೆಲ್ಲಗೆ ಕಣೇ. ಬೆರಳು ಅಪ್ಪಚ್ಚಿ ಆಗುತ್ತೆ.”

“ಪಾಠ ಬೇಕೋ ಬೇಡವೋ?”

“ಬೇಕು ಟೀಚರ್.”

ಹೂಂ, ಒತ್ತು. ಹೂಂ, ಒತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಬೆರಳನ್ನು ಹಗುರ ಮಾಡಿದಳು. ಇನ್ನೂ ಹಗುರ. ಆಮೇಲೆ ತೆಗೆದೇಬಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಕಪ್ಪೆ ನೆಗೆಯಿತು. ಒಂದು ಗುಂಡಿ, ನಾಲ್ಕು ಗುಂಡಿ, ಗಾಳಿಯಂತ್ರ. ಮಾವನಿಗೆ ಗೊತ್ತೇ ಆಗಲಿಲ್ಲ.

ಸಂಜೆ ಡೆಸ್ಕ್‌ಟಾಪ್ ಮಂಚದ ಕೆಳಗೆ ಹೋಯಿತು. “ಮುದುಕ ಸ್ವಲ್ಪ ರೆಸ್ಟ್ ತಗೊಳ್ಳಲಿ,” ಎಂದ ಮಾವ. ಅಮ್ಮನ ಮೆಷಿನ್ ಕಿಟಕಿಯ ಬೆಳಕಿಗೆ ಬಂತು. ಸ್ಟೂಲು ಮಾತ್ರ ಇದ್ದಲ್ಲೇ ಇತ್ತು. ಬುಗುರಿ ಅದರ ಮೇಲೆ ಕೂತು ಹೋಮ್‌ವರ್ಕ್ ಮಾಡತೊಡಗಿದಳು. ಕಾಲು ಕುಣಿಯುತ್ತಿತ್ತು.

ಕೋಣೆಯಿಂದ ಕೇಳಿಸಿತು: “ಹೂಂ.” ಹಿಂದೆಯೇ ಟಣ್.

ಈಗ ಕಾಯದೆ ಒತ್ತುತ್ತಿದ್ದ. ಆದರೂ ಹೂಂ ಅನ್ನುವುದನ್ನು ಬಿಟ್ಟಿರಲಿಲ್ಲ.

ನಾಳೆ ಯಾವುದೋ ಊರಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು ಅವನು ಹೀಗೇ ಹೂಂ ಅನ್ನುತ್ತಾನೆ. ಪಕ್ಕದಲ್ಲಿದ್ದವರು ಯಾರಿಗೆ ಹೇಳುತ್ತಿದ್ದೀಯ ಅಂತ ಕೇಳಬಹುದು.

“ಹೂಂ,” ಎಂದಿತು ಕೋಣೆ.

ಪೆನ್ಸಿಲ್ ಹಿಡಿದಿದ್ದ ಬುಗುರಿಯ ಹೆಬ್ಬೆರಳು ತಾನಾಗಿಯೇ ಒಂದು ಸಲ ಒತ್ತಿತು.