ಹಳೇ ಕಂಪೈಲರ್, ಹೊಸ ಸೆಂಟು

‘ಈ ಪ್ರೋಗ್ರಾಮ್ ಇಲ್ಲಿ ನಡೆಯುವುದಿಲ್ಲ’ ಎಂಬ ಅರ್ಥದ ಎರರ್ ಏಳನೇ ಸಲ ಬಂದಾಗ ಯಾಮಿನಿಗೆ ಮೌಸನ್ನೇ ಕಿತ್ತು ಗೋಡೆಗೆ ಬಡಿಯಬೇಕೆನ್ನಿಸಿತು.

ಅವಳು ಪಾಠ ಮಾಡುವ ಶಿಡ್ಲಘಟ್ಟದ ಕಾಲೇಜಿನ ಲ್ಯಾಬಿನಲ್ಲಿದ್ದದ್ದು ಹನ್ನೆರಡು ಕಂಪ್ಯೂಟರ್. ಹನ್ನೆರಡರಲ್ಲೂ ಓಬೀರಾಯನ ಕಾಲದ ವಿಂಡೋಸ್ ಎಕ್ಸ್‌ಪಿ. ಹಾಳಾದ ವೈರಸ್ ಬಂದು ಎಲ್ಲವನ್ನೂ ಅಳಿಸಿದ ಮೇಲೆ ಮಕ್ಕಳ ಪ್ರೋಗ್ರಾಮ್ ಓಡಿಸುವ ಸಿ ಕಂಪೈಲರೂ ಹೋಗಿತ್ತು. ಪುಕ್ಕಟೆ ಸಿಗುವ ಹೊಸ ಕಂಪೈಲರನ್ನು ಅವು ಜಪ್ಪಯ್ಯ ಅಂದರೂ ಒಳಗೆ ಬಿಡುತ್ತಿರಲಿಲ್ಲ. ನಾಳೆಯೇ ಪ್ರಾಕ್ಟಿಕಲ್ ಪರೀಕ್ಷೆ!

ಲ್ಯಾಬಿನ ರಿಪೇರಿಗೆ ಬರುವ ವೇಣು ಸೋಮವಾರ ಹೇಳಿದ್ದ. “ಹಳೇ ವರ್ಷನ್ ನನ್ನ ಪೆನ್‌ಡ್ರೈವಲ್ಲಿದೆ ಮೇಡಂ, ನಾಳೆ ತರ್ತೀನಿ.” ಬಾಗಿಲವರೆಗೆ ಹೋದವನು ತಿರುಗಿ, ಸ್ಕ್ರೂಡ್ರೈವರ್ ತಿರುವುತ್ತಾ, “ನಿಮಗೊಂದು ಮಾತೂ ಹೇಳ್ಬೇಕು” ಎಂದಿದ್ದ. ಕಿವಿ ಕೆಂಪಾಗಿತ್ತು.

ಆಮೇಲೆ ಆಸಾಮಿ ನಾಪತ್ತೆ. ಫೋನ್ ಸ್ವಿಚ್ ಆಫ್. ಯಾಮಿನಿ ಮೂರು ದಿನದಿಂದ ಹೊಸ ಸೆಂಟು ಹಾಕಿಕೊಂಡು ಬಂದು ಕಾದಳು. ಸಿಟ್ಟು ಕಂಪೈಲರಿನದೋ ಆ ಮಾತಿನದೋ ಅವಳಿಗೇ ತಿಳಿಯಲಿಲ್ಲ. ಗುರುವಾರ ಮಧ್ಯಾಹ್ನ ಅವನ ಊರು ದಿಬ್ಬೂರಹಳ್ಳಿಯ ಬಸ್ಸು ಹತ್ತಿಯೇಬಿಟ್ಟಳು.

ರೇಷ್ಮೆ ಹುಳ ಸಾಕುವ ಮನೆಯ ಬಾಗಿಲಲ್ಲೇ ವೇಣುವಿನ ತಾಯಿ ಆಂಜಿನಮ್ಮ ಕೈ ಅಡ್ಡ ಹಿಡಿದರು.

“ಅಯ್ಯೋ ನಮ್ಮಮ್ಮ, ಸೆಂಟು ಹಾಕ್ಕೊಂಡಿದ್ದೀಯಲ್ಲ! ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ವಾಸನೆ ತಾಗಿದ್ರೆ ಬೆಳೆ ಕೈ ಬಿಟ್ಟೋಗ್ತದೆ. ಒಳಗೆ ಬರಬೇಡ ಕಣಮ್ಮ.”

ಯಾರಿಗಾಗಿ ಹಾಕಿಕೊಂಡಳೋ ಅವನನ್ನೇ ನೋಡಲು ಬಿಡದ ಸೆಂಟು! ಯಾಮಿನಿಗೆ ಅಳು ಬಂತು. ದೂರದ ಜಾಲರಿ ಕಿಟಕಿಯಲ್ಲಿ ವೇಣು ಕಾಣಿಸಿದ. ಕೈಯಲ್ಲಿ ಹುಳ ಗೂಡು ಕಟ್ಟುವ ಚಂದ್ರಿಕೆ, ಅದರ ಬಿದಿರಿನ ಸುತ್ತುಗಳಲ್ಲಿ ಹಳದಿ ಹುಳಗಳು, ಮುಖದಲ್ಲಿ ಮೂರು ದಿನದ ಗಡ್ಡ.

“ಫೋನು ಏನಾಯ್ತು ನಿಮ್ದು?”

“ಚಾರ್ಜಿಗೆ ಹಾಕೋಕೂ ಪುರುಸೊತ್ತಿಲ್ಲ ಮೇಡಂ. ಹುಳ ಬೇಗ ಹಣ್ಣಾಗ್ಬಿಟ್ವು. ತಪ್ಪಾಯ್ತು. ಹೊಸ ವರ್ಷನ್ ಹಾಕಿ ನೋಡಿದ್ರಾ?”

“ಏಳು ಸಲ!”

“ಮರಿ ಹುಳಕ್ಕೆ ಬಲಿತ ಸೊಪ್ಪು ಹಾಕ್ದಂಗೆ. ಎಲ್ಲಿ ತಿನ್ತವೆ?” ನಕ್ಕ. “ಅಮ್ಮಾ, ನನ್ನ ಶರ್ಟ್ ಜೇಬಲ್ಲಿ ಪೆನ್‌ಡ್ರೈವಿದೆ, ಕೊಡು. ಫೋಲ್ಡರ್ ಸಿ ಡ್ರೈವಿಗೆ ಕಾಪಿ ಮಾಡಿ, ಪಾತ್ ಸೆಟ್ ಮಾಡಿ ಮೇಡಂ. ಅಷ್ಟೇ.”

“ಅಷ್ಟೇನಾ? ಸೋಮವಾರ ಇನ್ನೊಂದು ಏನೋ ಹೇಳ್ಬೇಕು ಅಂದ್ರಿ.”

ವೇಣು ಅಮ್ಮನತ್ತ ನೋಡಿದ. ಹುಳಗಳತ್ತ ನೋಡಿದ. “ಕಿಟಕಿಯಿಂದ ಕೂಗಿ ಹೇಳೋ ಮಾತಲ್ಲ ಅದು.”

“ಹಂಗಾದ್ರೆ ನಿಮ್ಮ ಹುಳಗಳಿಗೇ ಹೇಳ್ಕೊಳ್ಳಿ!” ಯಾಮಿನಿ ಆಂಜಿನಮ್ಮ ತಂದ ಪೆನ್‌ಡ್ರೈವ್ ಕಸಿದುಕೊಂಡು ಹೊರಟೇಬಿಟ್ಟಳು.

ಲ್ಯಾಬಿಗೆ ಬಂದು ಕಾಪಿ ಮಾಡಿದಳು. ಪಾತ್ ಬರೆಯುವಾಗ ಒಂದು ಸೆಮಿಕೋಲನ್ ಬಿಟ್ಟುಹೋಗಿ ಮತ್ತೆ ಎರರ್. ವೇಣುವಿಗೆ ಒಂದಿಷ್ಟು ಬೈದು ಸರಿಮಾಡಿದಳು. ಮೊದಲ ಪ್ರೋಗ್ರಾಮ್ ಓಡಿದಾಗ ಒಬ್ಬಳೇ ಚಪ್ಪಾಳೆ ತಟ್ಟಿದಳು. ಸಂಜೆ ಐದಕ್ಕೆ ಹನ್ನೆರಡೂ ಸಿದ್ಧ. ಖುಷಿಯನ್ನು ಹೇಳಿಕೊಳ್ಳಲು ಬೇಕಾದವನ ಫೋನು ಮಾತ್ರ ಇನ್ನೂ ಸ್ವಿಚ್ ಆಫ್.

ಶುಕ್ರವಾರ ಪರೀಕ್ಷೆ ಹೂವೆತ್ತಿದಂತೆ ಮುಗಿಯಿತು. ಆ ಬೆಳಿಗ್ಗೆ ಯಾಮಿನಿ ಸೆಂಟಿನ ಬಾಟಲಿ ಮುಟ್ಟಿರಲಿಲ್ಲ. ಹೂ ಮುಡಿದಿರಲಿಲ್ಲ, ಪೌಡರೂ ಇಲ್ಲ. ಮಧ್ಯಾಹ್ನ ಮತ್ತೆ ಅದೇ ಬಸ್ಸು.

ಆಂಜಿನಮ್ಮ ಅವಳ ಹತ್ತಿರ ಬಂದು ಮೂಸಿ ನೋಡಿದರು. ಮುಖ ಅರಳಿತು. “ರಾಮ್ಮಾ, ರಾ,” ಎಂದು ತೆಲುಗಿನಲ್ಲೇ ಒಳಗೆ ಕರೆದು, ತಾವು ಸೊಪ್ಪಿನ ನೆಪ ಹೇಳಿ ತೋಟದ ಕಡೆ ನಡೆದರು.

ಯಾಮಿನಿ ಕಾಲು ತೊಳೆದು ಒಳಗೆ ಹೋದಳು. ವೇಣು ಕೈಯಲ್ಲಿದ್ದ ಹುಳವನ್ನು ಎಲ್ಲಿಡಬೇಕೆಂಬುದನ್ನೇ ಮರೆತು ನಿಂತ.

“ಹನ್ನೆರಡೂ ಓಡಿದ್ವು,” ಎಂದಳು. “ಈಗ ಕಿಟಕಿ ಇಲ್ಲ. ಹೇಳಿ.”

“ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ, ಯಾಮಿನಿ. ಮದುವೆ ಆಗ್ತೀರಾ?”

ಮೊದಲ ಸಲ ಮೇಡಂ ಅನ್ನಲಿಲ್ಲ. ಯಾಮಿನಿ ಅವನ ಕೈಯಿಂದ ಹುಳ ತೆಗೆದುಕೊಂಡು, ಮೆತ್ತಗೆ ಚಂದ್ರಿಕೆಯಲ್ಲಿಟ್ಟಳು.

“ಆಗ್ತೀನಿ. ಮೊದ್ಲು ಆ ಫೋನು ಚಾರ್ಜಿಗೆ ಹಾಕಿ.”