ಒಂದು ಬೊಗಸೆ ಮೆಕ್ಕೆಜೋಳ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಕ್ಕ ಹೇಳುವುದು ಸುಳ್ಳಲ್ಲ. ಆ ಬೆಳಿಗ್ಗೆ ನಮ್ಮ ಹಂದಿ ಸಂಶೋಧನಾ ಕೇಂದ್ರದಲ್ಲಿ ಬಲಸಾಲಿನ ಕೊನೆಯ ಹಂದಿಯ ಬೆನ್ನಿಗೆ ಕೊಬ್ಬು ಅಳೆಯುವ ಸ್ಕ್ಯಾನರ್ ಒತ್ತಿ ಪರದೆ ನೋಡಿದವಳೇ ಫೀಡ್ ಕಲಸುವವನನ್ನು ಕರೆದು ಬೈದುಬಿಟ್ಟೆ. ಹದಿನಾರು ಮಿಲಿಮೀಟರ್ ಕೊಬ್ಬು! ಅದೇ ಸಾಲಿನ ಉಳಿದವಕ್ಕೆ ಹನ್ನೊಂದು ದಾಟಿರಲಿಲ್ಲ.

ಎಡಸಾಲಿಗೆ ಮೆಕ್ಕೆಜೋಳ, ಎಣ್ಣೆ ಹೆಚ್ಚಿದ್ದ ಶಕ್ತಿಯ ಆಹಾರ. ಬಲಸಾಲಿಗೆ ಬೂಸಾ ಹೆಚ್ಚಿದ್ದ ನಾರಿನ ಆಹಾರ. ಎಡದವು ಬೇಗ ಬೆಳೆದು ಕೊಬ್ಬಿದವು. ಬಲದವು ಹೊಟ್ಟೆ ಬಿರಿಯೆ ತಿಂದರೂ ನಿಧಾನವಾಗಿ ಬೆಳೆದು ತೆಳ್ಳಗೇ ಉಳಿದವು. ನಾರು ಹೆಚ್ಚಿಸಿದರೆ ಕೊಬ್ಬು ಎಷ್ಟು ಇಳಿಯುತ್ತದೆಂದು ತಿಳಿಯಲು ಮೂರು ತಿಂಗಳು ದುಡಿದಿದ್ದೆ. ಬಲಸಾಲಿನ ಫೀಡೇ ಬೆರಕೆಯಾಗಿದ್ದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಆಗ ಗುಮ್ಮ ಬಂದ. ಹಂದಿಗಳಿಗೆ ಮೇವು ಹಾಕುವವನು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದಕ್ಕೇ ಆ ಹೆಸರು.

"ಅವನನ್ನ ಬಿಡಿ ಮೇಡಂ. ತಪ್ಪು ನಂದು."

ದಿನಾ ಸಂಜೆ ಆ ಒಂದು ಹಂದಿಗೆ ಮಾತ್ರ ಒಂದು ಬೊಗಸೆ ಮೆಕ್ಕೆಜೋಳ ಹಾಕುತ್ತಿದ್ದನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದ್ದಕ್ಕೆ ಫೀಡ್ ಕಲಸುವವನ ಕ್ಷಮೆ ಕೇಳಿ ಕಳಿಸಿದೆ. ಆಮೇಲೆ ಇವನತ್ತ ತಿರುಗಿ, ಯಾಕೆ ಹಾಕಿದಿರಿ ಎಂದು ಕೇಳಿದೆ. ಅವನು ತನ್ನ ಬೂಟನ್ನೇ ನೋಡುತ್ತ ನಿಂತ. ಕಿವಿ ಕೆಂಪಾದವು.

"ನೀವು ಐದು ಗಂಟೆಗೆ ಬರ್ತೀರಲ್ಲ. ಅದು ಬಾಗಿಲ ಹತ್ರ ನಿಂತಿದ್ರೆ ನೀವೂ ನಿಂತು ಅದರ ಕಿವಿ ಕೆರೀತೀರಿ. ನೀವು ಹೋದ್ಮೇಲೆ ಜೋಳ ಹಾಕ್ತಿದ್ದೆ. ಆ ಆಸೆಗೆ ಅದು ಐದಕ್ಕೆ ಬಂದು ನಿಲ್ತಿತ್ತು."

ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ. ನಾನು ಎರಡು ನಿಮಿಷ ಅಲ್ಲಿ ನಿಲ್ಲಲೆಂದು ತೊಂಬತ್ತು ದಿನ ಹಂದಿ ಕೊಬ್ಬಿಸಿದ್ದಾನೆ, ಈ ಗುಮ್ಮನಗುಸುಕ!

ಆದರೆ ಲೆಕ್ಕ ಲೆಕ್ಕವೇ. ಅವನನ್ನು ತಕ್ಕಡಿಯ ಮುಂದೆ ನಿಲ್ಲಿಸಿ, ದಿನಾ ಹಾಕಿದಂತೆಯೇ ಹಾಕಿ ಎಂದೆ. ಹತ್ತು ಸಲ ಬೊಗಸೆ ತುಂಬಿದ, ಹತ್ತು ಸಲವೂ ನಾನೂರು ಗ್ರಾಂನ ಆಚೀಚೆ. ಕಾಳು ಚೆಲ್ಲದಿರಲಿ ಎಂದು ಅವನ ಕೈಗಳ ಕೆಳಗೆ ನನ್ನ ಕೈ ಹಿಡಿದಿದ್ದೆ. ಒಂದು ಕಾಳೂ ಚೆಲ್ಲಲಿಲ್ಲ, ನಾನು ಕೈ ತೆಗೆಯಲೂ ಇಲ್ಲ. ಅಷ್ಟು ಜೋಳಕ್ಕೆ ಆ ಕೊಬ್ಬು ಸರಿಹೊಂದಿತು. ಉಳಿದ ಹಂದಿಗಳ ಅಳತೆ ನಿಜವೆಂದು ನಂಬಬಹುದಿತ್ತು. ಆ ಒಂದನ್ನು ಲೆಕ್ಕದಿಂದ ಬಿಟ್ಟರೆ ಪ್ರಯೋಗ ಉಳಿಯುತ್ತಿತ್ತು.

ಬಿಟ್ಟಿದ್ದಕ್ಕೆ ದಾಖಲೆ ಪುಸ್ತಕದಲ್ಲಿ ಕಾರಣ ಬರೆಯಬೇಕಲ್ಲ. ಬರೆದರೆ ಅವನ ಕೆಲಸ ಹೋಗಬಹುದು. ಪೆನ್ನು ಹಿಡಿದು ಕೂತೇ ಇದ್ದೆ.

"ಬರೀರಿ ಮೇಡಂ," ಎಂದ. "ನನ್ನಿಂದ ನೀವು ಸುಳ್ಳು ಬರೆಯೋದು ಬೇಡ."

ಬರೆದೆ. ಕಾರಣದ ಜಾಗದಲ್ಲಿ 'ಮೇವು ಹಾಕುವವರ ಅಕ್ಕರೆ' ಎಂದಷ್ಟೇ ಬರೆದು, ಬೊಗಸೆಯ ತೂಕ ನಮೂದಿಸಿದೆ. ಮೇಲಧಿಕಾರಿ ಅವನನ್ನು ಚೆನ್ನಾಗಿ ಬೈದು, ಪುಣ್ಯಕ್ಕೆ ಕೆಲಸದಿಂದ ತೆಗೆಯದೆ, ಆಚೆ ತುದಿಯ ಮರಿಗಳ ಶೆಡ್ಡಿಗೆ ಹಾಕಿದರು.

ಮರುದಿನ ಐದಕ್ಕೆ ಹೋದಾಗ ಹಂದಿ ಬಾಗಿಲಲ್ಲೇ ನಿಂತು ದಾರಿ ನೋಡುತ್ತಿತ್ತು. ಅದರ ಕಿವಿ ಕೆರೆದೆ. ಅವನಿಲ್ಲದ ಸಾಲು ಭಣಭಣ ಎನ್ನುತ್ತಿತ್ತು. ಪುಸ್ತಕ ಮುಚ್ಚಿ ನೇರ ಮರಿಗಳ ಶೆಡ್ಡಿಗೆ ನಡೆದು ಬಾಗಿಲಲ್ಲಿ ನಿಂತೆ.

ಪೊರಕೆ ಹಿಡಿದಿದ್ದವನು ನನ್ನನ್ನು ಕಂಡು ಗಾಬರಿಯಾದ. ಇಲ್ಲಿ ಮರಿಗಳ ತೂಕ ನೋಡೋ ದಿನ ಇವತ್ತಲ್ಲವಲ್ಲ ಎಂದ.

"ತೂಕಕ್ಕೆ ಬಂದಿಲ್ಲ," ಎಂದೆ. "ಒಂದು ಮಾತು ಹೇಳ್ಬೇಕಿತ್ತು. ಆ ಹಂದಿ ಬಾಗಿಲಿಗೆ ಬರದಿದ್ರೂ ನಾನು ಅಲ್ಲೇ ನಿಲ್ತಿದ್ದೆ. ಐದಕ್ಕೆ ಸರಿಯಾಗಿ ನೀವು ಬೂಸಾ ಮೂಟೆ ಹೊತ್ಕೊಂಡು ಆ ದಾರಿಲೇ ಬರ್ತಿದ್ರಿ."

ಗುಮ್ಮ ಪೊರಕೆ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಹತ್ತಿರ ಬಂದ.

"ಹಂಗಾದ್ರೆ ಅಷ್ಟೂ ಜೋಳ ದಂಡ," ಎಂದ.